ಶಿಕ್ಷೆ ಸಡಿಲವಾಗಲಿ, ತಡೆಯುವ ಅಧಿಕಾರ ಉಳಿಯಲಿ

ಬ್ಯಾಡಗಿಯಲ್ಲಿ ಖಾರದ ಗಿರಣಿ ನಡೆಸುವ ಓದುಗರೊಬ್ಬರ ಪತ್ರ: "2023ರ ಜನ ವಿಶ್ವಾಸ ಕಾಯ್ದೆಯಿಂದ ನಮಗೆ ಜೈಲಿನ ಅಂಜಿಕೆ ಕಡಿಮೆಯಾಯಿತು. ಅಷ್ಟೇ ಸಾಲದು. ಕೋರ್ಟ್ ಆದೇಶವಿಲ್ಲದೆ ಆಹಾರ ಸುರಕ್ಷತಾ ಅಧಿಕಾರಿಗಳು ಮಾಲು ತಡೆಯಬಾರದು, ಅಂಗಡಿ ಮುಚ್ಚಿಸಬಾರದು. ಈ ಅಧಿಕಾರಕ್ಕೆ ಲಗಾಮೇ ಇಲ್ಲ; ಮಾದರಿ ಒಯ್ದವರು ಏನು ಬೇಕಾದರೂ ಬರೆದುಕೊಳ್ಳುತ್ತಾರೆ. ಇಂಥ ತಿದ್ದುಪಡಿ ತರಲು ವ್ಯಾಪಾರಿಗಳೆಲ್ಲ ಸೇರಿ ಸಂಸದರಿಗೆ ಮನವಿ ಕೊಡುವವರಿದ್ದೇವೆ. ನಿಮ್ಮ ಪತ್ರಿಕೆಯ ಬೆಂಬಲ ಉಂಟೇ?"

ಮಾನ್ಯರೇ,

ನಿಮ್ಮ ಸಂಕಟ ನಿಜ. ಆದರೂ ಈ ಮನವಿಯನ್ನು ಇದ್ದ ಹಾಗೇ ಬೆಂಬಲಿಸಲಾರೆವು.

ಜನ ವಿಶ್ವಾಸ ಕಾಯ್ದೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಬದಲಿಸಿದ್ದು ಶಿಕ್ಷೆಯನ್ನು. ಪರವಾನಗಿ ಇಲ್ಲದ ವ್ಯಾಪಾರಕ್ಕೆ ಮೊದಲು ಆರು ತಿಂಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇತ್ತು. ಈಗ ಜೈಲಿಲ್ಲ, ದಂಡ 10 ಲಕ್ಷದವರೆಗೆ ಏರಿದೆ. ಅಸುರಕ್ಷಿತ ಆಹಾರದಿಂದ ಯಾರಿಗೂ ಹಾನಿಯಾಗದಿದ್ದರೆ ಜೈಲು ಆರರಿಂದ ಮೂರು ತಿಂಗಳಿಗೆ ಇಳಿಯಿತು, ದಂಡ 1 ಲಕ್ಷದಿಂದ 3 ಲಕ್ಷಕ್ಕೆ ಏರಿತು. ಕಾಗದಪತ್ರದ ತಪ್ಪಿಗೆ ಜೈಲು ಬೇಡ ಎಂಬುದು ನಮ್ಮ ನಿಲುವೂ ಹೌದು. ಆದರೆ ಮಾದರಿ ತೆಗೆಯುವ, ಮಾಲು ತಡೆಯುವ ಅಧಿಕಾರವನ್ನು ಆ ಕಾಯ್ದೆ ಮುಟ್ಟಲಿಲ್ಲ. ನೀವು ಕೈ ಹಾಕಹೊರಟಿರುವುದು ಅದಕ್ಕೇ.

ನಿಮ್ಮ ಕಸುಬಿನಿಂದಲೇ ನೋಡೋಣ. ಹಳೆಯ, ಬಣ್ಣಗೆಟ್ಟ ಮೆಣಸಿನಕಾಯಿಯ ಪುಡಿಯನ್ನು ಕೆಂಪಾಗಿಸಲು ಸುಡಾನ್ ಬಣ್ಣ ಬೆರೆಸುವವರಿದ್ದಾರೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕ್ಯಾನ್ಸರ್ ತಂದ, ಆಹಾರದಲ್ಲಿ ನಿಷಿದ್ಧವಾದ ಬಣ್ಣ ಅದು. ಮನೆಯಲ್ಲಿ ಗ್ಲಾಸು ನೀರಿಗೆ ಚಿಟಿಕೆ ಪುಡಿ ಉದುರಿಸಿದರೆ ನೀರಿನಲ್ಲಿ ಕರಗುವ ಬಣ್ಣ ಎಳೆಯೆಳೆಯಾಗಿ ಇಳಿಯುತ್ತದೆ. ಸುಡಾನ್ ಕರಗುವುದು ಎಣ್ಣೆಯಲ್ಲಿ, ಹಾಗಾಗಿ ನೀರು ತಿಳಿಯಾಗಿಯೇ ನಿಲ್ಲುತ್ತದೆ. ಪತ್ತೆಗೆ ಪ್ರಯೋಗಾಲಯವೇ ಬೇಕು. ವರದಿ ಕೊಡಲು ಕಾನೂನು ಆಹಾರ ವಿಶ್ಲೇಷಕರಿಗೆ 14 ದಿನ ಕೊಟ್ಟಿದೆ. ಅಷ್ಟರೊಳಗೆ ಆ ಚೀಲಗಳು ಹುಬ್ಬಳ್ಳಿ ಮುಟ್ಟಿ, ಮಸಾಲೆಯಲ್ಲಿ ಬೆರೆತು, ಪೊಟ್ಟಣವಾಗಿ ಊರೂರಿಗೆ ಹೋಗಿರುತ್ತವೆ. 2005ರಲ್ಲಿ ಬ್ರಿಟನ್ನಿನಲ್ಲಿ ಆದದ್ದೂ ಇದೇ: ಒಂದು ಸಾಸ್‌ಗೆ ಹಾಕಿದ ಖಾರಪುಡಿಯಲ್ಲಿ ಸುಡಾನ್ ಸಿಕ್ಕಾಗ, ಆ ಸಾಸ್ ಬಳಸಿದ್ದ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಮಾಲು ಗೋದಾಮಿನಲ್ಲಿ ಇದ್ದಾಗಲೇ ಸೀಲ್ ಮಾಡುವ ಅಧಿಕಾರ ಇಲ್ಲದಿದ್ದರೆ ಕೋರ್ಟ್ ಆದೇಶ ತಂದರೂ ತಡೆಯಲು ಮಾಲೇ ಇರುವುದಿಲ್ಲ. ಇದರಲ್ಲಿ ಮೊದಲು ಹೆಸರು ಕೆಡುವುದು ಪ್ರಾಮಾಣಿಕ ಬ್ಯಾಡಗಿ ಕಾಯಿಯದು.

ಈ ಅಧಿಕಾರಕ್ಕೆ ಲಗಾಮೇ ಇಲ್ಲ ಎಂದು ಬರೆದಿದ್ದೀರಿ. ಇದೆ. ತಪ್ಪು ಸರಿಪಡಿಸಿ ಎಂಬ ಸುಧಾರಣಾ ನೋಟಿಸ್ ಕೊಟ್ಟರೆ ಕನಿಷ್ಠ 14 ದಿನದ ಗಡುವು ಕೊಡಬೇಕು. ತುರ್ತು ನಿಷೇಧದ ಆದೇಶ ಹೊರಡಿಸುವವರು ಸ್ಥಳದ ಅಧಿಕಾರಿಯಲ್ಲ, ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು. ಅದಕ್ಕೂ ಕನಿಷ್ಠ ಒಂದು ದಿನ ಮುಂಚೆ, ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಂಕಿತ ಅಧಿಕಾರಿ ನಿಮಗೆ ನೋಟಿಸ್ ಕೊಟ್ಟಿರಬೇಕು. ಆಯುಕ್ತರು ಇಡೀ ರಾಜ್ಯಕ್ಕೆ ಒಂದು ಪದಾರ್ಥ ನಿಷೇಧಿಸಿದರೂ ಅದು ಒಂದು ವರ್ಷ ಮೀರುವಂತಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಡವಿದಾಗ ಕೋರ್ಟ್ ಸುಮ್ಮನೆ ಕೂತಿಲ್ಲ: 2015ರ ಜೂನ್‌ನಲ್ಲಿ ಬಂದ ಮ್ಯಾಗಿ ನಿಷೇಧವನ್ನು ಬಾಂಬೆ ಹೈಕೋರ್ಟ್ ಆಗಸ್ಟ್‌ನಲ್ಲೇ ರದ್ದುಮಾಡಿತು. ಕಂಪನಿಯ ಅಹವಾಲು ಕೇಳಿರಲಿಲ್ಲ, ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಸರಿಯಾದ ಮಾನ್ಯತೆ ಇರಲಿಲ್ಲ ಎಂಬ ಕಾರಣಕ್ಕೆ.

"ಮಾದರಿ ಒಯ್ದವರು ಏನು ಬೇಕಾದರೂ ಬರೆದುಕೊಳ್ಳುತ್ತಾರೆ" ಎಂದಿದ್ದೀರಲ್ಲ, ಅದಕ್ಕೆ ಮದ್ದು ಮಾದರಿ ತೆಗೆಯುವ ಹೊತ್ತಿನಲ್ಲೇ ಇದೆ. ಅಧಿಕಾರಿ ಮಾದರಿಯನ್ನು ನಾಲ್ಕು ಪಾಲು ಮಾಡಿ ಸೀಲ್ ಹಾಕಬೇಕು. ಒಂದು ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ನೀವು ಕೇಳಬಹುದು; ಖರ್ಚು ನಿಮ್ಮದು. ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಎರಡು ವರದಿ ತಾಳೆಯಾಗದಿದ್ದರೆ ಮಾದರಿ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ತೀರ್ಮಾನವೇ ಕೊನೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅಂಥದ್ದೊಂದು. ವಿಶ್ಲೇಷಕರ ವರದಿಯ ಮೇಲೆ ಮೇಲ್ಮನವಿಗೆ 30 ದಿನ ಇದೆ. ಬಹಳ ಮಂದಿ ಸೋಲುವುದು ಈ ಅವಧಿ ದಾಟಿಸಿಕೊಂಡು. ಕಾರಣವಿಲ್ಲದೆ ಕಿರುಕುಳಕ್ಕಾಗಿ ಮಾಲು ಜಪ್ತಿ ಮಾಡಿದ ಅಧಿಕಾರಿಗೆ ಆಹಾರ ಸುರಕ್ಷತಾ ಕಾಯ್ದೆಯ 39ನೇ ಕಲಂ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದೂರು ಸುಳ್ಳಾದರೆ ದಂಡ ದೂರಿದವರಿಗೇ ಬೀಳುತ್ತದೆ, ಆದ್ದರಿಂದ ದಾಖಲೆ ಗಟ್ಟಿ ಇರಲಿ.

ಹಾಗಾದರೆ ತಿದ್ದುಪಡಿಯೇ ಬೇಡವೇ? ಬೇಕು. 14 ದಿನದಲ್ಲಿ ವರದಿ ಬಾರದಿದ್ದರೆ ವಿಶ್ಲೇಷಕರು ಕಾರಣವನ್ನೂ ಇನ್ನೆಷ್ಟು ಸಮಯ ಬೇಕೆಂಬುದನ್ನೂ ಅಂಕಿತ ಅಧಿಕಾರಿಗೆ, ಆಯುಕ್ತರಿಗೆ ತಿಳಿಸಿದರೆ ಸಾಕೆಂದಿದೆ ಈಗಿನ ಕಾಯ್ದೆ. ನಿಮ್ಮ ಚೀಲಗಳು ಮಾತ್ರ ಸೀಲಿನಲ್ಲೇ ಕೊಳೆಯುತ್ತವೆ. ಮನವಿಯಲ್ಲಿ ಇದನ್ನು ಹಿಡಿಯಿರಿ. ಗಡುವಿನಲ್ಲಿ ವರದಿ ಬಾರದಿದ್ದರೆ ಜಪ್ತಿ ಮುಂದುವರಿಸಲು ಆಯುಕ್ತರ ಲಿಖಿತ ಆದೇಶ ಕಡ್ಡಾಯವಾಗಲಿ. ಮಾಲು ಶುದ್ಧವೆಂದು ಸಾಬೀತಾದರೆ ಹಾಳಾದ ಸರಕಿಗೆ ಪರಿಹಾರ ಎಷ್ಟು, ಎಷ್ಟು ದಿನದೊಳಗೆ ಎಂದು ಕಲಮಿನಲ್ಲೇ ಬರೆಯಲಿ. ಪ್ರಯೋಗಾಲಯ ಹಾವೇರಿಗೆ ಹತ್ತಿರ ಬರಲಿ ಎಂದೂ ಸೇರಿಸಿ. "ಕೋರ್ಟ್ ಆದೇಶವಿಲ್ಲದೆ ತಡೆಯುವಂತಿಲ್ಲ" ಎಂಬ ಸಾಲು ತೆಗೆದರೆ ನಿಮ್ಮ ಮನವಿಯನ್ನು ಪೂರ್ತಿಯಾಗಿ ಅಚ್ಚು ಹಾಕಿ ಬೆಂಬಲಿಸುತ್ತೇವೆ. ಕರಡು ಕಳಿಸಿ.

— ಸಂಪಾದಕ