ಜಿಟಿಎ 5 ಪೊಲೀಸ್ ಮಾಡ್‌ಗೆ ನಾವೇ ರೆಕಾರ್ಡ್ ಮಾಡಿದ ದನಿಗಳು ನಾಟಕದ ಹಾಗೆ ಕೇಳುತ್ತವೆ, ಏನು ಮಾಡಲಿ?

"ಗೆಳೆಯರ ಹತ್ತಿರ ಅರವತ್ತು ಡೈಲಾಗ್ ಹೇಳಿಸಿ ರೆಕಾರ್ಡ್ ಮಾಡಿದ್ದೇನೆ, ಎಲ್ಲದಕ್ಕೂ ರೇಡಿಯೋ ಎಫೆಕ್ಟ್ ಹಾಕಿದ್ದೇನೆ, ಟೆನ್-ಕೋಡ್ ಕೂಡ ಸೇರಿಸಿದ್ದೇನೆ, ಆದರೂ ಸ್ಕೂಲ್ ಡೇ ನಾಟಕದ ಹಾಗೆ ಕೇಳುತ್ತೆ" ಅಂತ ಬರೆದಿದ್ದೀರಿ. ಆ "ಎಲ್ಲದಕ್ಕೂ" ಅನ್ನೋ ಪದದಲ್ಲೇ ಅರ್ಧ ಉತ್ತರ ಇದೆ. (ಹೊಸಬರಿಗೆ: ಜಿಟಿಎ 5 ಒಂದು ವಿಡಿಯೋ ಗೇಮ್. ಮಾಡ್ ಅಂದರೆ ಆಟಗಾರರೇ ಅದಕ್ಕೆ ಮಾಡಿ ಸೇರಿಸುವ ಬದಲಾವಣೆ. ಟೆನ್-ಕೋಡ್ ಅಂದರೆ "ಟೆನ್-ಫೋರ್" ಥರ ಪೊಲೀಸರು ರೇಡಿಯೋದಲ್ಲಿ ಹೇಳುವ ಸಂಖ್ಯೆಯ ಸಂಕೇತ.)

ನಾನೂ ಎರಡು ವರ್ಷ ಸಂಜೆ ಹೊತ್ತು ಕೂತು ಇದೇ ಆಟಕ್ಕೆ ಪೊಲೀಸ್ ದನಿ ಮಾಡಿದ್ದೇನೆ. ಮೊದಲ ಆರು ತಿಂಗಳು ಎಫೆಕ್ಟ್ ಹಿಂದೆಯೇ ಓಡಾಡಿದೆ. ಆಮೇಲೆ ಗೊತ್ತಾಯಿತು, ಮುಖ್ಯವಾದದ್ದು ಎಫೆಕ್ಟ್ ಅಲ್ಲ. ಈ ಮಾತು ಯಾರ ಕಿವಿಗೆ ಅನ್ನೋದು.

ಒಬ್ಬ ಪೊಲೀಸ್ ಡ್ಯೂಟಿಯಲ್ಲಿ ಮೂವರ ಜೊತೆ ಮಾತಾಡುತ್ತಾನೆ. ಎದುರಿಗೆ ಓಡುತ್ತಿರುವವನ ಜೊತೆ. ಪಕ್ಕದಲ್ಲಿರುವ ಜೊತೆಗಾರನ ಜೊತೆ. ರೇಡಿಯೋದ ಆ ಕಡೆ ಕಂಟ್ರೋಲ್ ರೂಮಿನಲ್ಲಿ ಕೂತು ಗಾಡಿಗಳನ್ನು ಕಳಿಸುವ ಡಿಸ್ಪ್ಯಾಚರ್ ಜೊತೆ. ಮೂರೂ ಕಡೆಗೆ ದನಿ ಬೇರೆ ಬೇರೆ. ಓಡುವವನಿಗೆ ಹೇಳುವಾಗ ಗಂಟಲು ಹರಿಯುವ ಹಾಗೆ ಕೂಗು, ಆದರೆ ಪದ ಎರಡೋ ಮೂರೋ. ಅದೇ ಪದ ಮತ್ತೆ ಮತ್ತೆ: "ಹ್ಯಾಂಡ್ಸ್! ಲೆಟ್ ಮೀ ಸೀ ಯುವರ್ ಹ್ಯಾಂಡ್ಸ್! ಹ್ಯಾಂಡ್ಸ್!" ಜೊತೆಗಾರನಿಗೆ ಅರ್ಧ ವಾಕ್ಯ ಸಾಕು, ಉಳಿದದ್ದು ಅವನಿಗೆ ಕಾಣಿಸುತ್ತಿದೆ. ರೇಡಿಯೋಗೆ ಮಾತ್ರ ದನಿ ಬೇಕಂತಲೇ ಇಳಿಸಿ, ತಡೆದು, ಸಪಾಟಾಗಿ ಮಾತಾಡುತ್ತಾರೆ. ಕೂಗಿದರೆ ಮೈಕ್‌ನಲ್ಲಿ ಮಾತು ಒಡೆದು ಹೋಗುತ್ತದೆ, ಆ ಕಡೆಯವರಿಗೆ ಏನೂ ತಿಳಿಯಲ್ಲ.

ಈಗ ನಿಮ್ಮ ಅರವತ್ತು ಸಾಲು ತೆಗೆದು ಪ್ರತಿಯೊಂದರ ಮುಂದೆ ಇದು ಯಾರಿಗೆ ಅಂತ ಬರೆಯಿರಿ. ಉತ್ತರ ಹೊಳೆಯದ ಸಾಲು ಬಂದರೆ, ಅದು ಆಟ ಆಡುವವನಿಗೆ ಬರೆದದ್ದು. ನಾಟಕದ ವಾಸನೆ ಅಲ್ಲಿಂದಲೇ ಬರೋದು. "ಡಿಸ್ಪ್ಯಾಚ್, ಎ ವೆರಿ ಡೇಂಜರಸ್ ಸಸ್ಪೆಕ್ಟ್ ಈಸ್ ರನ್ನಿಂಗ್ ಅವೇ ಫ್ರಮ್ ಅಸ್!" ಅನ್ನೋ ಥರದ ಸಾಲನ್ನು ನಾನೇ ಬರೆದಿದ್ದೆ. ಡಿಸ್ಪ್ಯಾಚರ್‌ಗೆ ಅದರಿಂದ ಏನು ಉಪಯೋಗ? ಆಕೆಗೆ ಬೇಕಾದದ್ದು ಯಾವ ಗಾಡಿ, ಎಲ್ಲಿ, ಯಾವ ದಿಕ್ಕು, ಓಡುವವನು ಹೇಗಿದ್ದಾನೆ, ಯಾಕೆ ಅಟ್ಟಿಸಿಕೊಂಡು ಹೋಗುತ್ತಿದ್ದೀರಿ, ಇಷ್ಟೇ. ಆಮೇಲೆ ಅದನ್ನು ಹೀಗೆ ತಿದ್ದಿದೆ: "ಒನ್ ಆಡಮ್ ಟ್ವೆಲ್ವ್, ಫುಟ್ ಪರ್ಸ್ಯೂಟ್. ನಾರ್ತ್‌ಬೌಂಡ್... ಆ್ಯಲಿ, ವೆಸ್ಟ್ ಆಫ್ ಮೇನ್. ಮೇಲ್, ರೆಡ್ ಶರ್ಟ್... ಟೂ ಇಲೆವೆನ್ ಸಸ್ಪೆಕ್ಟ್." ಇದರಲ್ಲಿ ಆವೇಶದ ಪದ ಒಂದೂ ಇಲ್ಲ. ಆದರೂ ಕೇಳಿದರೆ ಎದೆ ಡವಡವ ಅನ್ನುತ್ತೆ.

ಇದರಲ್ಲಿರುವ ಸಂಖ್ಯೆಗಳ ಬಗ್ಗೆ ಸ್ವಲ್ಪ ಹೇಳಬೇಕು, ನೀವು ಟೆನ್-ಕೋಡ್ ಅಂದಿದ್ದಕ್ಕೆ. ಆಟದಲ್ಲಿರುವ ಲಾಸ್ ಸಾಂಟೋಸ್ ನಗರ ಅಂದರೆ ಲಾಸ್ ಏಂಜಲೀಸ್. ಆ ನಗರದ ಪೊಲೀಸರು ರೇಡಿಯೋದಲ್ಲಿ ತಿಳಿಯಿತು ಅನ್ನೋಕೆ "ಟೆನ್-ಫೋರ್" ಅನ್ನಲ್ಲ, "ರೋಜರ್" ಅನ್ನುತ್ತಾರೆ. ಟೆನ್-ಕೋಡ್ ಬಳಸುವುದು ಆ ಊರು ಇರುವ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಶೆರಿಫ್ ಇಲಾಖೆಯ ಪೊಲೀಸರು. ಆಟದಲ್ಲಿ ಇಬ್ಬರೂ ಇದ್ದಾರೆ, ಹಾಗಾಗಿ ಮಾತಿನಲ್ಲೇ ಅವರನ್ನು ಬೇರೆ ಮಾಡಬಹುದು. ನಗರ ಪೊಲೀಸರ ಕರೆ-ಹೆಸರಿಗೂ ಲೆಕ್ಕ ಇದೆ. "ಒನ್ ಆಡಮ್ ಟ್ವೆಲ್ವ್" ಅಂದರೆ ಒಂದನೇ ಡಿವಿಷನ್, ಇಬ್ಬರಿರುವ ಗಸ್ತು ಗಾಡಿ, ಹನ್ನೆರಡು ಅದರ ಬೀಟ್. ಒಬ್ಬನೇ ಇದ್ದರೆ "ಆಡಮ್" ಜಾಗದಲ್ಲಿ "ಲಿಂಕನ್". ಅಪರಾಧಗಳಿಗೆ ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ ಕಲಂ ಸಂಖ್ಯೆಯನ್ನೇ ಹೇಳುತ್ತಾರೆ. ದರೋಡೆಗೆ 211, ಕೊಲೆಗೆ 187, ಕನ್ನ ಹಾಕಿದರೆ 459. ನಮ್ಮಲ್ಲಿ ಜನ "ಫೋರ್ ಟ್ವೆಂಟಿ" ಅನ್ನುತ್ತಾರಲ್ಲ, ಹಾಗೇ. ಸೈರನ್ ಹಾಕಿಕೊಂಡು ಬನ್ನಿ ಅನ್ನೋದಕ್ಕೆ "ಕೋಡ್ ತ್ರೀ", ಇನ್ನು ಯಾರೂ ಬರೋದು ಬೇಡ ಅನ್ನೋದಕ್ಕೆ "ಕೋಡ್ ಫೋರ್". ಸಹಾಯ ಕೇಳುವುದರಲ್ಲೂ ಮೆಟ್ಟಿಲಿದೆ. "ಬ್ಯಾಕಪ್" ಅಂದರೆ ಒಂದು ಮಟ್ಟ, "ಅಸಿಸ್ಟೆನ್ಸ್" ಅಂದರೆ ಅದಕ್ಕಿಂತ ಮೇಲೆ, "ಆಫೀಸರ್ ನೀಡ್ಸ್ ಹೆಲ್ಪ್" ಅಂದರೆ ಪ್ರಾಣಕ್ಕೆ ಬಂದಿದೆ ಅಂತ. ಆ ಕೊನೆಯದನ್ನು ಮಾಡ್‌ನಲ್ಲಿ ಸುಮ್ನೆ ಎಲ್ಲೆಂದರಲ್ಲಿ ಬಳಸಬೇಡಿ. ಆಡುವವನು ಅದನ್ನು ಹತ್ತು ಗಂಟೆಯ ಆಟದಲ್ಲಿ ಒಂದು ಸಲ ಕೇಳಿದರೆ ಕೂತಲ್ಲೇ ನೆಟ್ಟಗಾಗುತ್ತಾನೆ. ನಿಮಿಷಕ್ಕೊಂದು ಸಲ ಕೇಳಿದರೆ ಅದು ಬರೀ ಶಬ್ದ.

ಟೆನ್-ಕೋಡ್ ಹುಟ್ಟಿದ ಕಥೆ ನಿಮ್ಮ ಎಡಿಟಿಂಗ್‌ಗೂ ಉಪಯೋಗಕ್ಕೆ ಬರುತ್ತೆ. 1937ರ ಸುಮಾರಿಗೆ ಇಲಿನಾಯ್ ರಾಜ್ಯ ಪೊಲೀಸ್‌ನ ಚಾರ್ಲ್ಸ್ ಹಾಪರ್ ಅದನ್ನು ಶುರು ಮಾಡಿದ್ದು. ಆಗಿನ ರೇಡಿಯೋದಲ್ಲಿ ಬಟನ್ ಒತ್ತಿದ ಮೇಲೆ ಮೋಟಾರ್ ತಿರುಗಿ ಪೂರ್ತಿ ವೇಗಕ್ಕೆ ಬರೋಕೆ ಕ್ಷಣ ಹಿಡಿಯುತ್ತಿತ್ತು. ಅಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ಹೋದರೆ ಹೋಗಲಿ ಅಂತ ಮುಂದೆ ಒಂದು "ಟೆನ್" ಇಟ್ಟರು. ಈಗಲೂ ಅವಸರದಲ್ಲಿ ಬಟನ್ ಪೂರ್ತಿ ಒತ್ತುವ ಮೊದಲೇ ಮಾತು ಶುರು ಮಾಡುತ್ತಾರೆ. ಆದ್ದರಿಂದ ಗಾಬರಿಯ ಸಾಲುಗಳಲ್ಲಿ ನಾಲ್ಕಕ್ಕೊಂದರಲ್ಲಿ ಮೊದಲ ಪದದ ತಲೆ ಸ್ವಲ್ಪ ಕತ್ತರಿಸಿ. ಕೆಲವು ಕಡೆ ಬಾಲ ಕೂಡ. ನನ್ನ ಮಾಡ್‌ನಲ್ಲಿ ಜನ ಹೆಚ್ಚು ಮೆಚ್ಚಿದ್ದು ಈ ಕತ್ತರಿಯನ್ನೇ.

ಇನ್ನು ರೆಕಾರ್ಡಿಂಗ್. ಇಲ್ಲೇ ನಿಮಗೆ ಜಾಸ್ತಿ ಕೆಲಸ ಇರೋದು.

ಗೆಳೆಯರನ್ನು ಕುರ್ಚಿಯಲ್ಲಿ ಕೂರಿಸಿ, ಕಾಗದ ಕೊಟ್ಟು, ಓಡುತ್ತಿರೋ ಹಾಗೆ ಹೇಳು ಅಂದರೆ ಆಗಲ್ಲ. ನಾನು ಒಬ್ಬ ಗೆಳೆಯನಿಂದ ಹಾಗೇ ಹೇಳಿಸಿದೆ. ಅವನು ಪಾಪ ತುಂಬಾ ಚೆನ್ನಾಗಿ ಏದುಸಿರು ಬಿಟ್ಟ. ಆದರೆ ಎಲ್ಲಿ? ಪ್ರತಿ ವಾಕ್ಯ ಮುಗಿದ ಮೇಲೆ, ಅಚ್ಚುಕಟ್ಟಾಗಿ. ಆಮೇಲೆ ನಮ್ಮ ಬಿಲ್ಡಿಂಗ್‌ನ ಮೆಟ್ಟಿಲಲ್ಲಿ ಮೂರು ಮಹಡಿ ಓಡಿ ಹತ್ತಿ ಬಾ ಅಂದೆ. ಬಾಗಿಲಲ್ಲೇ ಮೈಕ್ ಹಿಡಿದು ನಿಂತಿದ್ದೆ. ಒಳಗೆ ಬಂದವನೇ "ನಾರ್ತ್‌—" ಅಂದ, ಉಸಿರು ಎಳೆದ, "—ಬೌಂಡ್" ಅಂದ. ಅಲ್ಲೇ ನನಗೆ ಉತ್ತರ ಸಿಕ್ಕಿತು. ನಿಜವಾದ ಉಸಿರು ವಾಕ್ಯದ ಕೊನೆಗೆ ಕಾಯಲ್ಲ. ಪದದ ನಡುವೆ ಬಂದು ಪದವನ್ನು ಎರಡು ತುಂಡು ಮಾಡುತ್ತೆ. ಎಂಜಲು ನುಂಗುವ ಸದ್ದು ಬಂತು, ಒಂದು ಪದ ತೊದಲಿದ, ತಿದ್ದಿಕೊಂಡ. ಏನನ್ನೂ ತೆಗೆಯಲಿಲ್ಲ, ಎಲ್ಲಾ ಹಾಗೇ ಇಟ್ಟೆ. ಒಂದು ವಿಷಯ ನೆನಪಿಡಿ. ಬಾಗಿಲು ದಾಟಿದ ಹತ್ತು ಸೆಕೆಂಡ್ ಒಳಗೆ ಹೇಳಿಸಿಬಿಡಿ. ಅರ್ಧ ನಿಮಿಷ ಕಳೆದರೆ ಉಸಿರು ಹದಕ್ಕೆ ಬಂದು ಮತ್ತೆ ನಾಟಕ ಶುರುವಾಗುತ್ತೆ. ಒಂದು ಓಟಕ್ಕೆ ಎರಡೇ ಸಾಲು. ಮಧ್ಯೆ ನೀರು ಕುಡಿಸಿ, ಕೂರಿಸಿ. ಎದೆಯ ತೊಂದರೆ, ಉಬ್ಬಸ ಇರುವವರ ಹತ್ತಿರ ಮಾಡಿಸಲೇಬೇಡಿ.

ಗಾಡಿ ಓಡಿಸುತ್ತಾ ಮಾತಾಡುವ ಸಾಲುಗಳಿಗೆ ಇನ್ನೊಂದು ಉಪಾಯ. ಹೇಳುವವರ ಕಿವಿಗೆ ಹೆಡ್‌ಫೋನ್ ಹಾಕಿ ಸೈರನ್ ಸದ್ದು ಕೇಳಿಸಿ, ಕಿವಿ ನೋಯದಷ್ಟು. ಸುತ್ತ ಗದ್ದಲ ಇದ್ದರೆ ಮನುಷ್ಯನ ದನಿ ತಾನಾಗಿ ಏರುತ್ತದೆ, ಸ್ವರಗಳು ಉದ್ದವಾಗುತ್ತವೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಇದನ್ನು ತೋರಿಸಿದ್ದ, ಅದಕ್ಕೆ ಲೊಂಬಾರ್ಡ್ ಎಫೆಕ್ಟ್ ಅಂತಲೇ ಹೆಸರು. ನಟನೆ ಮಾಡಿ ಇದನ್ನು ತರೋದು ಬಹಳ ಕಷ್ಟ. ಹೆಡ್‌ಫೋನ್ ಹಾಕಿದರೆ ಏನೂ ಗೊತ್ತಿಲ್ಲದ ಹುಡುಗನ ದನಿಯಲ್ಲೂ ಬರುತ್ತೆ. ಜಾತ್ರೆಯಲ್ಲಿ ಫೋನ್ ಬಂದಾಗ ನಾವು ಹೇಗೆ ಮಾತಾಡುತ್ತೀವಿ, ನೆನಪು ಮಾಡಿಕೊಳ್ಳಿ.

ಈಗ ನಿಮ್ಮ ರೇಡಿಯೋ ಎಫೆಕ್ಟ್. ಓಡುವವನಿಗೆ ಕೂಗುವ ಸಾಲು, ಜೊತೆಗಾರನಿಗೆ ಹೇಳುವ ಸಾಲು, ಇವೆರಡಕ್ಕೂ ಅದು ಬೇಡ. ಅವು ಬಾಯಿಂದ ನೇರ ಗಾಳಿಗೆ ಬರುವ ಮಾತು. ಮೊನೊದಲ್ಲಿ (ಒಂದೇ ಚಾನೆಲ್‌ನಲ್ಲಿ), ಎಫೆಕ್ಟ್ ಇಲ್ಲದೆ, ರೂಮಿನ ಗುಂಯ್ ಅನ್ನೋ ಪ್ರತಿಧ್ವನಿ ಇಲ್ಲದೆ ಕೊಡಿ. ದೂರ, ದಿಕ್ಕು, ಗೋಡೆಯ ಪ್ರತಿಧ್ವನಿ ಎಲ್ಲಾ ಆಟವೇ ನೋಡಿಕೊಳ್ಳುತ್ತೆ. ಕಂಬಳಿ ಹೊದ್ದು ರೆಕಾರ್ಡ್ ಮಾಡಿದರೂ ಸಾಕು.

ರೇಡಿಯೋ ಸಾಲುಗಳಿಗೆ ಸುಮಾರು 300 ಹರ್ಟ್ಸ್ ಕೆಳಗಿನದು, 3,000 ಹರ್ಟ್ಸ್ ಮೇಲಿನದು ಕತ್ತರಿಸಿ. ಆಮೇಲೆ ಜೋರು-ಮೆಲುವನ್ನು ಸಮ ಮಾಡುವ ಕಂಪ್ರೆಸರ್, ಆಮೇಲೆ ದನಿ ಒಡೆದ ಹಾಗೆ ಮಾಡುವ ಡಿಸ್ಟಾರ್ಷನ್ ಚೂರು. ಆಡಾಸಿಟಿ ಅನ್ನೋ ಆಡಿಯೋ ಎಡಿಟರ್‌ನಲ್ಲೇ ಇಷ್ಟೂ ಆಗುತ್ತೆ. ಮೂಲ ರೆಕಾರ್ಡಿಂಗ್ ಬೇರೆ ಎತ್ತಿಡಿ. ಆದರೆ ಆಟ ನಡೆಯುವ ಕಾಲ ನೋಡಿಕೊಳ್ಳಿ. ಇದೇ ಸರಣಿಯ, ಕಥೆ 1992ರಲ್ಲಿ ನಡೆಯುವ ಸ್ಯಾನ್ ಆಂಡ್ರಿಯಾಸ್‌ಗೆ ಮಾಡುತ್ತಿದ್ದರೆ ಅನಲಾಗ್ ರೇಡಿಯೋ ಸರಿ. ಮಾತು ಮುಗಿದಾಗ "ಖ್ಶ್" ಅನ್ನೋ ಬಾಲ ಬರುತ್ತೆ. ನಿಮ್ಮದು 2013ರ ಆಟ, ಡಿಜಿಟಲ್ ರೇಡಿಯೋ ಕಾಲದ್ದು. ಡಿಜಿಟಲ್ ರೇಡಿಯೋದಲ್ಲಿ ಆ ಬಾಲ ಇರಲ್ಲ. ಸಿಗ್ನಲ್ ಕೆಟ್ಟರೆ ಗೊರಗೊರ ಬದಲು ದನಿ ನೀರಿನಲ್ಲಿ ಮುಳುಗಿದ ಹಾಗೆ ಗುಳುಗುಳು ಅನ್ನುತ್ತೆ, ತುಂಡು ತುಂಡಾಗಿ ಮಾಯವಾಗುತ್ತೆ. ಹಿಂದಿನ ಸೈರನ್ ಕೂಡ ಸೈರನ್ ಥರ ಕೇಳಲ್ಲ, ಏನೋ ವಿಚಿತ್ರವಾಗಿ ಹಾಡಿದ ಹಾಗೆ ಕೇಳುತ್ತೆ. ಆ ಯಂತ್ರ ಮನುಷ್ಯನ ಮಾತನ್ನು ಹಿಂಡಿ ಕಳಿಸೋಕೆ ಮಾಡಿದ್ದು, ಬೇರೆ ಸದ್ದು ಅದಕ್ಕೆ ಅರ್ಥವಾಗಲ್ಲ.

ಡಿಸ್ಪ್ಯಾಚರ್ ಸಾಲುಗಳದ್ದು ಬೇರೆಯೇ ತೊಂದರೆ. ಆಟದಲ್ಲಿ ನಾವೇ ಪೊಲೀಸ್ ಆಗಿ ಆಡೋಕೆ ಬಿಡುವ ಮಾಡ್ ಆದ ಎಲ್‌ಎಸ್‌ಪಿಡಿಎಫ್‌ಆರ್‌ನಲ್ಲಿ ಸ್ಕ್ಯಾನರ್ ಮಾತು, ಅಂದರೆ ಪೊಲೀಸ್ ರೇಡಿಯೋದಲ್ಲಿ ಕೇಳಿಸುವ ಮಾತು, ಒಂದೇ ಫೈಲ್ ಅಲ್ಲ, ತುಂಡುಗಳನ್ನು ಪೋಣಿಸಿದ್ದು. "ವೀ ಹ್ಯಾವ್", ಆಮೇಲೆ ಅಪರಾಧ, ಆಮೇಲೆ ಜಾಗ. ರೈಲ್ವೆ ಸ್ಟೇಷನ್‌ನಲ್ಲಿ "ಗಾಡಿ ಸಂಖ್ಯೆ... ಒಂದು... ಆರು... ಐದು..." ಅನ್ನೋ ದನಿ ಕೇಳಿದ್ದೀರಲ್ಲ, ಪ್ರತಿ ಅಂಕಿಯೂ ಬೇರೆ ಬೇರೆ ದಿನ ಹೇಳಿದ ಹಾಗಿರುತ್ತೆ. ಕಾರಣ ರಾಗ. ಮಾತಿನ ನಡುವೆ ಬರುವ ಪದದ ಕೊನೆ ಎತ್ತರದಲ್ಲೇ ನಿಲ್ಲುತ್ತೆ, ಕೊನೆಯ ಪದ ಕೆಳಗಿಳಿಯುತ್ತೆ. ಆದ್ದರಿಂದ ಪ್ರತಿ ತುಂಡನ್ನೂ ಪೂರ್ತಿ ವಾಕ್ಯದೊಳಗೆ ಹೇಳಿಸಿ, ಆಮೇಲೆ ಕತ್ತರಿಸಿ. ಬೀದಿ ಹೆಸರುಗಳನ್ನು ಎರಡು ಸಲ ಹೇಳಿಸಿ, ನಡುವಿಗೆ ಒಂದು, ಕೊನೆಗೆ ಒಂದು. ಕೆಲಸ ಎರಡರಷ್ಟಾಗುತ್ತೆ, ನಿಜ. ಆದರೂ ಮಾಡಿ.

ಉಚ್ಚಾರಣೆ ಬಗ್ಗೆಯೂ ಕೇಳಿದ್ದೀರಿ. ನಮ್ಮ ಹುಡುಗರು ಅಮೆರಿಕದವರ ಹಾಗೆ ನಾಲಿಗೆ ಮಡಚಿದರೆ ಸಾಕು ಅಂದುಕೊಳ್ಳುತ್ತಾರೆ. ಅಕ್ಷರಗಳನ್ನು ಫಿಲ್ಟರ್ ಮುಚ್ಚಿಹಾಕಬಹುದು, ಲಯವನ್ನು ಮುಚ್ಚಲ್ಲ. ಕನ್ನಡದಲ್ಲಿ ನಾವು ಎಲ್ಲಾ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೀವಿ. ಇಂಗ್ಲಿಷ್‌ನಲ್ಲಿ "ಸಸ್ಪೆಕ್ಟ್" ಅಂತ ಆರೋಪಿಗೆ ಹೇಳುವಾಗ ಮೊದಲ ಭಾಗಕ್ಕೆ ಒತ್ತು, ಅನುಮಾನ ಪಡು ಅನ್ನುವಾಗ ಎರಡನೆಯದಕ್ಕೆ. ಇದು ತಪ್ಪಿದರೆ ಅಲ್ಲಿನವರಿಗೆ ತಕ್ಷಣ ಗೊತ್ತಾಗುತ್ತೆ. ಲಾಸ್ ಏಂಜಲೀಸ್ ಪೊಲೀಸರಲ್ಲಿ ಲ್ಯಾಟಿನೋಗಳ ಪಾಲು ದೊಡ್ಡದು, ಎಲ್ಲರೂ ಒಂದೇ ಥರ ಮಾತಾಡಲ್ಲ. ಅಲ್ಲೇ ಹುಟ್ಟಿ ಬೆಳೆದ ನಾಲ್ಕೈದು ಮಾಡ್ ಗೆಳೆಯರನ್ನು ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ. ನನಗೆ ಹಾಗೇ ಸಿಕ್ಕಿದರು.

ಎರಡು ವಿಷಯ ದಯವಿಟ್ಟು ಮಾಡಬೇಡಿ. ಒಂದು, ಆಟದ ಕಲಾವಿದರ ದನಿಯನ್ನು ಎಐನಲ್ಲಿ ನಕಲು ಮಾಡೋದು. ಅದು ಅವರ ಹೊಟ್ಟೆಪಾಡು, ಕೇಳದೆ ಎತ್ತಿಕೊಳ್ಳೋದು ತಪ್ಪು. ಎರಡು, ನಿಜವಾದ ಪೊಲೀಸ್ ಸ್ಕ್ಯಾನರ್ ರೆಕಾರ್ಡಿಂಗ್ ಕತ್ತರಿಸಿ ಹಾಕೋದು. ಕಲಿಯೋಕೆ ಕೇಳಿ, ನಾನೂ ಗಂಟೆಗಟ್ಟಲೆ ಕೇಳಿದ್ದೇನೆ. ಆದರೆ ಅದರಲ್ಲಿ ಯಾರದೋ ಮನೆ ವಿಳಾಸ ಇರುತ್ತೆ, ಯಾರದೋ ಮಗು ಕಳೆದುಹೋಗಿರುತ್ತೆ. ಇಂಥ ಖಾಸಗಿ ಮಾಹಿತಿ ಬಯಲಾಗಬಾರದು ಅಂತಲೇ 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಪೊಲೀಸರಿಗೆ ಸೂಚನೆ ಕೊಟ್ಟಿತು, ಆಮೇಲೆ ಅಲ್ಲಿನ ಎಷ್ಟೋ ಇಲಾಖೆಗಳು ರೇಡಿಯೋ ಮಾತನ್ನು ಹೊರಗಿನವರಿಗೆ ಕೇಳದ ಹಾಗೆ ಮಾಡಿದವು.

ಕೊನೆಗೆ ಮೌನ. ಒಂದು ರಾತ್ರಿ ಬೆಂಗಳೂರಿನಲ್ಲಿ ಟೀ ಅಂಗಡಿ ಪಕ್ಕ ಹೊಯ್ಸಳ ಗಾಡಿ ನಿಂತಿತ್ತು. ಕಿಟಕಿ ತೆರೆದಿತ್ತು, ವೈರ್‌ಲೆಸ್ ಒಂದೇ ಸಮ ಮಾತಾಡುತ್ತಿತ್ತು. ಗಾಡಿಯವರು ಟೀ ಕುಡಿಯುತ್ತಾ ನಿಂತಿದ್ದರು, ಅದು ಅವರ ಕಿವಿಗೆ ಬೀಳುತ್ತಿದೆ ಅಂತಲೇ ಅನಿಸಲಿಲ್ಲ. ಇದ್ದಕ್ಕಿದ್ದಂತೆ ಗ್ಲಾಸ್ ಕೆಳಗಿಟ್ಟು, ಒಳಗೆ ಕೈ ಹಾಕಿ, ಮೈಕ್‌ನಲ್ಲಿ ಎರಡೇ ಮಾತು ಹೇಳಿದರು, ಮೆಲ್ಲಗೆ. ಅಷ್ಟೊಂದು ಗದ್ದಲದಲ್ಲಿ ಅವರ ಗಾಡಿಯ ಹೆಸರು ಬಂದಿತ್ತು. ನನಗೆ ಕೇಳಿಸಿರಲೇ ಇಲ್ಲ.

ನಿಮ್ಮ ಮಾಡ್‌ನಲ್ಲಿ ಪೊಲೀಸರು ಎಷ್ಟು ಸಲ ಬಾಯಿ ಬಿಡುತ್ತಾರೆ ಎಣಿಸಿ ನೋಡಿ, ಅದನ್ನು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಿ. ಅದೇ ಸಾಲು ಹತ್ತು ನಿಮಿಷದಲ್ಲಿ ಎರಡನೇ ಸಲ ಬಂದರೆ ಎಂಥಾ ಒಳ್ಳೆ ದನಿಯೂ ಸತ್ತುಹೋಗುತ್ತೆ. "ಹ್ಯಾಂಡ್ಸ್!" ಅನ್ನೋದಕ್ಕೇ ಎಂಟು ಹತ್ತು ಬೇರೆ ಬೇರೆ ರೆಕಾರ್ಡಿಂಗ್ ಇಡಿ, ಅಪರೂಪದ ಸಾಲಿಗೆ ಒಂದೆರಡು ಸಾಕು. ಆಟದೊಳಗಿನ ದನಿ ಬದಲಿಸೋಕೆ, ಆಟದ ಫೈಲ್‌ಗಳನ್ನು ತೆರೆಯುವ ಸಾಧನವಾದ ಓಪನ್‌ಐವಿಯಲ್ಲಿ ದನಿ ತುಂಬಿರುವ ಎಡಬ್ಲ್ಯೂಸಿ ಫೈಲ್ ತೆರೆದು ಮಾಡಬೇಕು. ಮೂಲ ಫೈಲ್‌ಗಳನ್ನು ಮುಟ್ಟಬೇಡಿ, ಮಾಡ್ಸ್ ಫೋಲ್ಡರ್‌ಗೆ ನಕಲು ಮಾಡಿಕೊಂಡೇ ಬದಲಿಸಿ.

ಮೊದಲು ಓಡುವ ಸಾಲುಗಳಲ್ಲಿ ಹತ್ತು ಮಾತ್ರ ಆರಿಸಿ, ಮೆಟ್ಟಿಲು ಹತ್ತಿಸಿ, ಮತ್ತೆ ರೆಕಾರ್ಡ್ ಮಾಡಿ. ಫಿಲ್ಟರ್ ಹಾಕದೆ ಇಲ್ಲೇ ಕಾಮೆಂಟ್‌ನಲ್ಲಿ ಲಿಂಕ್ ಕೊಡಿ. ಕೇಳಿ, ಎಲ್ಲಿ ಕತ್ತರಿಸಬೇಕು ಅಂತ ಸಾಲು ಸಾಲಾಗಿ ಹೇಳುತ್ತೇನೆ.