ಹಸಿಯೋ ಬೆಂದದ್ದೋ, ಮೊದಲು ಅದನ್ನು ನೋಡಿ: ಓವನ್ ಸಾಸೇಜ್ ಪ್ರಶ್ನೋತ್ತರ

ಓವನ್ ಅಡುಗೆ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಸಾಸೇಜ್ ಬಗ್ಗೆ ಕೇಳಿದವರೇ ಜಾಸ್ತಿ. ಬೆಂಗಳೂರು, ಕಾರವಾರ, ಮೈಸೂರಿನವರ ಜೊತೆ ಇಂಗ್ಲೆಂಡ್, ಜರ್ಮನಿಯಲ್ಲಿರುವ ನಮ್ಮವರೂ ಬರೆದಿದ್ದಾರೆ. ಹಾಗಾಗಿ ಇವತ್ತಿನ ಪುಟ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮೇಡಂ, ಮನೆಗೆ ಹೊಸ ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ತಂದಿದ್ದೇವೆ. ಫ್ರೋಜನ್ ಚಿಕನ್ ಸಾಸೇಜನ್ನು 200 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ಸುಕ್ಕುಗಟ್ಟಿ ಗಟ್ಟಿಯಾಯಿತು, ಮಕ್ಕಳು ಅಗಿಯಲಾರದೆ ಬಿಟ್ಟರು. ವಿಡಿಯೊದಲ್ಲಿ ಅರ್ಧ ಗಂಟೆ ಅಂತಲೇ ಹೇಳಿದ್ದರು. (ಬೆಂಗಳೂರು)

ವಿಡಿಯೊದವರು ಬೇಯಿಸಿದ್ದು ಹಸಿ ಸಾಸೇಜ್ ಇರಬೇಕು. ನೀವು ತಂದದ್ದು ಬಹುಶಃ ಆಗಲೇ ಬೆಂದದ್ದು. ನಮ್ಮ ಅಂಗಡಿಗಳ ಫ್ರೀಜರ್‌ನಲ್ಲಿ ಸಿಗುವ ತೆಳ್ಳನೆಯ ಚಿಕನ್ ಸಾಸೇಜ್‌ಗಳಲ್ಲಿ ಹೆಚ್ಚಿನವನ್ನು ಕಾರ್ಖಾನೆಯಲ್ಲೇ ಬೇಯಿಸಿ, ತಣ್ಣಗೆ ಮಾಡಿ, ಪ್ಯಾಕ್ ಮಾಡಿರುತ್ತಾರೆ. ನಿಮಗೆ ಉಳಿಯುವ ಕೆಲಸ ಅದನ್ನು ಒಳಗಿನವರೆಗೆ ಬಿಸಿ ಮಾಡಿ, ಮೇಲೆ ಸ್ವಲ್ಪ ಬಣ್ಣ ಬರಿಸೋದು ಅಷ್ಟೇ. ಬೆಂದದ್ದನ್ನೇ ಮತ್ತೆ ಅರ್ಧ ಗಂಟೆ ಬೇಯಿಸಿದರೆ ಒಳಗಿನ ನೀರೆಲ್ಲ ಹೋಗಿ ಹಾಗೇ ಆಗುತ್ತದೆ.

ಪ್ಯಾಕೆಟ್‌ನ ಹಿಂಭಾಗ ಓದಿ. ಪೂರ್ತಿ ಬೆಂದದ್ದು, ಬಿಸಿ ಮಾಡಿ ತಿನ್ನಿ ಅಂತ ಇದ್ದರೆ ಒಂದು ದಾರಿ. ಹಸಿ ಮಾಂಸ, ಚೆನ್ನಾಗಿ ಬೇಯಿಸಿ ಅಂತ ಇದ್ದರೆ ಇನ್ನೊಂದು ದಾರಿ. ಓವನ್‌ನಲ್ಲಿ ಸಾಸೇಜ್ ಕೆಟ್ಟಿತು ಅಂತ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಈ ಒಂದು ವಿಷಯಕ್ಕೇ ಬಂದು ನಿಲ್ಲುತ್ತವೆ.

ಬೆಂದದ್ದಾದರೆ ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ. ಅಡುಗೆಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡಬೇಡಿ. ಓಟಿಜಿಯನ್ನು ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ 180 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ. ಸಾಸೇಜಿಗೆ ತೆಳುವಾಗಿ ಎಣ್ಣೆ ಸವರಿ, ಮಧ್ಯದ ಹಂತದಲ್ಲಿಟ್ಟು 8ರಿಂದ 12 ನಿಮಿಷ ಬಿಡಿ, ನಡುವೆ ಒಮ್ಮೆ ತಿರುಗಿಸಿ. ಸಣ್ಣ ಓಟಿಜಿಯಲ್ಲಿ ಮೇಲಿನ ರಾಡ್ ತುಂಬಾ ಹತ್ತಿರ ಇರುತ್ತೆ, ಮೇಲಿನ ಹಂತದಲ್ಲಿಟ್ಟರೆ ಬೆನ್ನು ಸೀದು ಒಳಗೆ ತಣ್ಣಗೇ ಉಳಿಯುತ್ತದೆ. ಅದರ ತಿರುಗುಣಿ ತೋರಿಸುವ ಡಿಗ್ರಿಯನ್ನೂ ಪೂರ್ತಿ ನಂಬಬೇಡಿ. ಒಳಗೆ ಇಡುವ ಸಣ್ಣ ಓವನ್ ಥರ್ಮಾಮೀಟರ್ ಒಂದು ತಂದಿಟ್ಟುಕೊಂಡರೆ ಕೇಕಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿ. ಇಲ್ಲಿ ಹಸಿ ಹಂದಿಮಾಂಸದ ದಪ್ಪ ಸಾಸೇಜ್ ಸಿಗುತ್ತೆ. ಬಾಣಲೆಯಲ್ಲಿ ಹುರಿದರೆ ಹೊಗೆಗೆ ಅಲಾರ್ಮ್ ಕೂಗುತ್ತೆ, ಅದಕ್ಕೇ ಓವನ್. ಆದರೆ ಪ್ರತಿ ಸಲವೂ ಸೀಳಿಹೋಗುತ್ತೆ. ರೂಮ್‌ಮೇಟ್ ಫೋರ್ಕ್‌ನಿಂದ ಚುಚ್ಚು ಅನ್ನುತ್ತಾನೆ. ಚುಚ್ಚಬೇಕಾ?

ಚುಚ್ಚಬೇಡಪ್ಪ. ಚುಚ್ಚಿದ ತೂತಿನಿಂದ ನೆಣವೂ ರಸವೂ ಹರಿದು ಟ್ರೇ ಸೇರುತ್ತವೆ, ನಿನ್ನ ತಟ್ಟೆಗೆ ಬರೋದು ಒಣಗಿದ ಮಾಂಸ. ಸೀಳೋದು ತೂತು ಇಲ್ಲ ಅಂತ ಅಲ್ಲ, ಕಾವು ಒಮ್ಮೆಲೇ ಜಾಸ್ತಿ ಆಗಿ. ಒಳಗಿನ ನೀರು ಆವಿಯಾಗಿ ಹೊರಗೆ ತಳ್ಳುತ್ತಿರುತ್ತೆ, ಅದೇ ಹೊತ್ತಿಗೆ ಮೇಲಿನ ಪೊರೆ ಬಿಸಿಗೆ ಕುಗ್ಗುತ್ತಿರುತ್ತೆ. ಎರಡೂ ಜೋರಾಗಿ ನಡೆದರೆ ಪೊರೆ ಹರಿಯುತ್ತದೆ. ನಿಧಾನಕ್ಕೆ ನಡೆದರೆ ಆವಿಗೆ ಹೊರಬರಲು ಪುರುಸೊತ್ತು ಸಿಗುತ್ತದೆ.

ಹಾಗಾಗಿ 220ಕ್ಕೆ ಹೋಗಬೇಡ. ಸಾಮಾನ್ಯ ಓವನ್ ಆದರೆ 190, ಫ್ಯಾನ್ ಇರೋದಾದರೆ 170. ಅಲ್ಲಿನ ಬಾಡಿಗೆ ಮನೆಗಳಲ್ಲಿ ಫ್ಯಾನ್ ಓವನ್‌ಗಳೇ ಜಾಸ್ತಿ, ಆ ಇಪ್ಪತ್ತು ಡಿಗ್ರಿ ಕಡಿಮೆ ಮಾಡೋದನ್ನು ಎಷ್ಟೋ ಜನ ಮರೆಯುತ್ತಾರೆ. ಓವನ್ ಕಾಯುವಷ್ಟು ಹೊತ್ತು ಸಾಸೇಜನ್ನು ಫ್ರಿಜ್‌ನಿಂದ ಹೊರಗಿಡು. ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆಯಬೇಡ, ನಡುವಿನ ತಿರುಚನ್ನು ಕತ್ತರಿಯಿಂದ ಕತ್ತರಿಸು. ಟಿಶ್ಯೂ ಪೇಪರ್‌ನಿಂದ ಮೇಲಿನ ತೇವ ಒರೆಸಿ ಸ್ವಲ್ಪ ಎಣ್ಣೆ ಹಚ್ಚು. ಒರೆಸೋದು ಯಾಕೆ ಅಂದರೆ, ಮೇಲಿನ ನೀರು ಆರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಂತುಬಿಡುತ್ತೆ, ಹುರಿದ ಬಣ್ಣ ಘಮ ಬರೋಕೆ ಸುಮಾರು 140 ಡಿಗ್ರಿ ದಾಟಬೇಕು. ಇದೇ ಕಾರಣಕ್ಕೆ ಟ್ರೇಯಲ್ಲಿ ಒತ್ತೊತ್ತಾಗಿ ಜೋಡಿಸಬಾರದು. ಎರಡು ಬೆರಳಷ್ಟು ಜಾಗ ಬಿಡು, ಇಲ್ಲದಿದ್ದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತೆ, ಮೈ ಬಿಳಿಚಿಕೊಂಡೇ ಇರುತ್ತೆ.

ದಪ್ಪ ಸಾಸೇಜಿಗೆ 25ರಿಂದ 30 ನಿಮಿಷ, ಚಿಪೊಲಾಟಾ ಅಂತ ಸಿಗುವ ಬೆರಳಿನಷ್ಟು ತೆಳ್ಳನೆಯದಕ್ಕೆ 15ರಿಂದ 20. ಹದಿನೈದನೇ ನಿಮಿಷಕ್ಕೆ ಒಮ್ಮೆ ಬಾಗಿಲು ತೆಗೆದು ಇಕ್ಕಳದಿಂದ ತಿರುಗಿಸು. ಆ ಹೊತ್ತಿಗೆ ಹತ್ತಿರದಿಂದ ನೋಡು: ಪೊರೆ ಬಿಗಿಯಾಗಿ ಹೊಳೆಯುತ್ತಿರುತ್ತೆ, ಅದರಡಿ ಕರಗಿದ ನೆಣ ಸಣ್ಣ ಗುಳ್ಳೆಗಳಾಗಿ ಓಡಾಡುತ್ತಿರುತ್ತೆ, ಟ್ರೇಗೆ ತಾಗಿದ ಬದಿಯಲ್ಲಿ ಒಂದು ಕಂದು ಗೆರೆ ಮೂಡಿರುತ್ತೆ, ತುದಿಯ ತಿರುಚಿನ ಹತ್ತಿರ ಒಂದೆರಡು ಹನಿ ರಸ ಜಿನುಗಿ ಚುರ್ ಅನ್ನುತ್ತಿರುತ್ತೆ. ಇಷ್ಟು ಕಂಡರೆ ಕಾವು ಸರಿಯಾಗಿದೆ. ಅಷ್ಟರಲ್ಲೇ ಟ್ರೇ ತುಂಬಾ ಬಿಳಿ ನೊರೆ ನೀರು ನಿಂತಿದ್ದರೆ ಸಾಸೇಜಿನಲ್ಲೇ ನೀರು ಜಾಸ್ತಿ ಅಂತ. ಬ್ರಿಟನ್‌ನಲ್ಲಿ ಪೋರ್ಕ್ ಸಾಸೇಜ್ ಅಂತ ಮಾರಲು ಕನಿಷ್ಠ 42% ಹಂದಿಮಾಂಸ ಇರಬೇಕು ಅನ್ನೋದು ನಿಯಮ. ಅಗ್ಗದವು ಆ ಗಡಿಯ ಹತ್ತಿರವೇ ಇರಬಹುದು, ಉಳಿದದ್ದು ರಸ್ಕ್ ಪುಡಿ, ನೀರು, ಕೊಬ್ಬು. ಮುಂದಿನ ಸಲ ಪ್ಯಾಕೆಟ್ ಮೇಲಿನ ಶೇಕಡಾವಾರು ನೋಡಿ ತಗೊ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಎಪ್ಪತ್ತು, ಎಂಬತ್ತು ಇರುವುದು ಒಳ್ಳೆಯದು.

ಪ್ರಶ್ನೆ: ಕತ್ತರಿಸಿ ನೋಡಿದರೆ ಒಳಗೆ ಗುಲಾಬಿ ಬಣ್ಣ. ಬೆಂದಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? (ಮಂಗಳೂರು)

ಬಣ್ಣದಿಂದ ಹೇಳೋಕೆ ಆಗಲ್ಲ. ಮಾಂಸ ಕೆಡದಿರಲಿ ಅಂತ ಹಾಕುವ ನೈಟ್ರೈಟ್ ಎಂಬ ಲವಣ ಸೇರಿಸಿದ ಸಾಸೇಜ್ ಎಷ್ಟು ಬೇಯಿಸಿದರೂ ಗುಲಾಬಿಯಾಗೇ ಇರುತ್ತದೆ. ಪ್ಯಾಕೆಟ್‌ನಲ್ಲಿ ಐಎನ್‌ಎಸ್ 250 ಅಥವಾ ಇ250 ಅಂತ ಇದ್ದರೆ ಅದೇ. ಇತ್ತ ಹಸಿ ಸಾಸೇಜ್ ಪೂರ್ತಿ ಬೇಯುವ ಮೊದಲೇ ಬಣ್ಣ ಬಿಟ್ಟು ಬೆಂದಂತೆ ಕಾಣಬಹುದು. ಅದು ಅಪಾಯ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತವೆ, ಆದರೆ ಮಾಂಸ ಅರೆದಾಗ ಅವು ಒಳಗೆಲ್ಲ ಸೇರಿಬಿಡುತ್ತವೆ. ಅದಕ್ಕೇ ಖೀಮಾ, ಸಾಸೇಜ್ ಎರಡನ್ನೂ ನಡುವಿನ ತನಕ ಬೇಯಿಸಲೇಬೇಕು.

ಚೂಪು ತುದಿಯ ಅಡುಗೆ ಥರ್ಮಾಮೀಟರ್ ತನ್ನಿ. ಬದಿಯಿಂದ ಅಲ್ಲ, ತುದಿಯಿಂದ ಉದ್ದಕ್ಕೆ ತೂರಿಸಿ, ಮೊನೆ ಸರಿಯಾಗಿ ನಡುವಿಗೆ ಬರುವಂತೆ. ಹಂದಿ, ಕುರಿ ಆದರೆ 71 ಡಿಗ್ರಿ, ಕೋಳಿ ಆದರೆ 74. ಕೊನೆಯಲ್ಲಿ ಮಾಡುವ ಈ ಒಂದು ತೂತಿನಿಂದ ಹೋಗುವ ರಸದ ಬಗ್ಗೆ ಚಿಂತೆ ಬೇಡ.

ಪ್ರಶ್ನೆ: ನಾವು ದನದ ಮಾಂಸ ತಿನ್ನಲ್ಲ. ಚಿಕನ್ ಸಾಸೇಜ್ ಅಂದಮೇಲೆ ಪೂರ್ತಿ ಚಿಕನ್ ಅಂತ ಅಂದುಕೊಳ್ಳಬಹುದಾ?

ಒಳಗಿನದು ಚಿಕನ್ ಇರಬಹುದು, ಮೇಲಿನ ಪೊರೆ ಬೇರೆ ಇರಬಹುದು. ಸಹಜ ಪೊರೆ ಅಂದರೆ ಕುರಿ, ಹಂದಿ ಅಥವಾ ದನದ ಕರುಳು. ಕೊಲಾಜೆನ್ ಪೊರೆಯನ್ನು ಹೆಚ್ಚಾಗಿ ದನದ ಚರ್ಮದಿಂದ ತಯಾರಿಸುತ್ತಾರೆ. ಪೊರೆಯೇ ಇಲ್ಲದ, ಸ್ಕಿನ್‌ಲೆಸ್ ಅಂತ ಬರೆದ ಸಾಸೇಜನ್ನು ಸಾಮಾನ್ಯವಾಗಿ ಸೆಲ್ಯುಲೋಸ್ (ಸಸ್ಯದ ನಾರು) ಕೊಳವೆಯಲ್ಲಿ ಬೇಯಿಸಿ ಆಮೇಲೆ ಅದನ್ನು ಸುಲಿದು ತೆಗೆದಿರುತ್ತಾರೆ. ನಿಮಗೆ ಅದೇ ಸರಿ. ಪೊರೆ ಇರುವುದನ್ನೇ ತರುವುದಾದರೆ ಪದಾರ್ಥಗಳ ಪಟ್ಟಿ ನೋಡಿ, ಅದರಲ್ಲಿ ತಿಳಿಯದಿದ್ದರೆ ತಯಾರಕರನ್ನೇ ಕೇಳಿ. ಇದು ಕೇಳಬೇಕಾದ ಪ್ರಶ್ನೆಯೇ, ಸಂಕೋಚ ಬೇಡ.

ಪ್ರಶ್ನೆ: ಕಾರವಾರದವಳು ನಾನು. ಗೋವಾ ಸಾಸೇಜನ್ನು ಹಾಗೇ ಓವನ್‌ಗೆ ಇಡಬಹುದಾ ಅಕ್ಕಾ?

ಬೇಡಮ್ಮ. ಅದು ಬೇರೆ ಜಾತಿಯದು. ಹಂದಿಮಾಂಸದ ತುಂಡುಗಳಿಗೆ ಒಣಮೆಣಸು, ಬೆಳ್ಳುಳ್ಳಿ, ವಿನೆಗರ್, ಸಾಕಷ್ಟು ಉಪ್ಪು ಹಾಕಿ ಒಣಗಿಸಿದ್ದು ಅದು. ನೇರ ಒಣ ಬಿಸಿಗಿಟ್ಟರೆ ಮಾಂಸ ಇನ್ನೂ ಗಟ್ಟಿಯಾಗುತ್ತೆ, ಮೆಣಸು ಸೀದು ಕಹಿಯಾಗುತ್ತೆ. ಮಾಮೂಲಿ ಕ್ರಮವೇ ಸರಿ: ದಾರ ಬಿಚ್ಚಿ, ಪೊರೆ ಸುಲಿದು, ಸ್ವಲ್ಪ ನೀರಿನಲ್ಲಿ ಮುಚ್ಚಿ ಬೇಯಿಸಿ, ತನ್ನದೇ ನೆಣ ಬಿಟ್ಟ ಮೇಲೆ ಉದ್ದಕ್ಕೆ ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸೋದು. ಉಪ್ಪು ಹಾಕಲೇಬೇಡ. ಓವನ್ ಬೇಕೇ ಬೇಕು ಅಂದರೆ ಈ ಪಲ್ಯವನ್ನು ಪಾವ್ ಒಳಗೆ ತುಂಬಿ 180 ಡಿಗ್ರಿಯಲ್ಲಿ ಐದಾರು ನಿಮಿಷ ಇಡು. ಮೇಲೆ ಗರಿಗರಿ, ಒಳಗೆ ಆ ಕೆಂಪು ಎಣ್ಣೆ ಹೀರಿದ ಪಾವ್. ನನಗಂತೂ ಬಹಳ ಇಷ್ಟ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇವೆ. ಇಲ್ಲಿನ ಬಿಳಿ ಸಾಸೇಜ್ ಓವನ್‌ನಲ್ಲಿ ಚೆನ್ನಾಗಿರುತ್ತಾ?

ವೈಸ್‌ವುರ್ಸ್ಟ್ ತಾನೆ? ಅದಕ್ಕೆ ಓವನ್ ಬೇಡ. ಅಂಗಡಿಯಲ್ಲೇ ಬಿಸಿನೀರಿನಲ್ಲಿ ಬೆಂದು ಬಂದಿರುತ್ತದೆ. ನೀರು ಕುದಿಸಿ ಒಲೆ ಆರಿಸಿ, ಅದರಲ್ಲಿ ಹತ್ತು ನಿಮಿಷ ಬಿಡಿ, ಪೊರೆ ಸುಲಿದು ತಿನ್ನಿ. ಅಲ್ಲಿನ ಬ್ರಾಟ್‌ವುರ್ಸ್ಟ್, ಅಂದರೆ ಹುರಿದು ತಿನ್ನುವ ಸಾಸೇಜ್ ಆದರೆ ಓವನ್‌ಗೆ ಧಾರಾಳವಾಗಿ ಇಡಬಹುದು, ಆದರೆ ಅದರಲ್ಲೂ ಹಸಿಯದು, ಬೆಂದದ್ದು ಎರಡೂ ಮಾರುತ್ತಾರೆ. ಕೇಳಿ ತನ್ನಿ.

ಪ್ರಶ್ನೆ: ಸ್ಕೂಲ್ ಡಬ್ಬಿಗೆ ದಿನಾ ಸಾಸೇಜ್ ಬೇಕು ಅಂತ ಮಗ ಹಟ ಮಾಡುತ್ತಾನೆ. ಓವನ್‌ನಲ್ಲಿ ಎಣ್ಣೆ ಕಡಿಮೆ, ಕೊಡಬಹುದಲ್ವಾ?

ದಿನಾ ಬೇಡ. ಇಲ್ಲಿ ವಿಷಯ ಎಣ್ಣೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜಿನಂಥ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು 18% ಏರುತ್ತದೆ ಅಂತ ಹೇಳಿತು. ಒಬ್ಬ ವ್ಯಕ್ತಿಗೆ ಇರುವ ಅಪಾಯ ಸಣ್ಣದೇ, ಅದರ ಮೇಲೆ ಈ 18% ಲೆಕ್ಕ. ಹೆದರಬೇಕಿಲ್ಲ, ಆದರೆ ದಿನದ ಅಭ್ಯಾಸ ಮಾಡಿಸಬಾರದು. ಉಪ್ಪೂ ಜಾಸ್ತಿ ಇರುತ್ತೆ. ಅಪರೂಪಕ್ಕೊಮ್ಮೆ ಕೊಡಿ.

ಮನೆಯಲ್ಲಿ ನಾಲ್ಕು ವರ್ಷದೊಳಗಿನ ಮಗುವಿದ್ದರೆ ದಯವಿಟ್ಟು ಸಾಸೇಜನ್ನು ದುಂಡು ಬಿಲ್ಲೆಗಳಾಗಿ ಕತ್ತರಿಸಿ ಕೊಡಬೇಡಿ. ಆ ಆಕಾರ ಸರಿಯಾಗಿ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಉದ್ದುದ್ದಕ್ಕೆ ನಾಲ್ಕು ಸೀಳಿ, ಆಮೇಲೆ ಚಿಕ್ಕದಾಗಿ ಹೆಚ್ಚಿ, ಎದುರಿಗೇ ಕೂತು ತಿನ್ನಿಸಿ.

ಪ್ರಶ್ನೆ: ಪೊರೆ, ನೈಟ್ರೈಟ್ ಯಾವುದೂ ಇಲ್ಲದೆ ಮನೆಯಲ್ಲೇ ಮಾಡಿ ಓವನ್‌ನಲ್ಲಿ ಬೇಯಿಸಬಹುದಾ? (ಮೈಸೂರು)

ಬೇಕಾದಷ್ಟು ಚೆನ್ನಾಗಿ ಬರುತ್ತೆ. ಕೋಳಿಯ ತೊಡೆ ಮಾಂಸದ ಖೀಮಾ ಅರ್ಧ ಕಿಲೊ ತನ್ನಿ, ಎದೆ ಭಾಗ ಬೇಡ, ಒಣಗುತ್ತೆ. ಎಂಟು ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂಕಾಲು ಟೀ ಚಮಚ. ಕುಟ್ಟಿದ ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಮೂರು ಚಮಚ ಐಸ್ ನೀರು. ಎಲ್ಲ ಸೇರಿಸಿ ಕೈಯಲ್ಲಿ ಚೆನ್ನಾಗಿ ನಾದಿ, ಅಂಗೈ ತಲೆಕೆಳಗು ಮಾಡಿದರೂ ಬೀಳದೆ ಅಂಟಿಕೊಳ್ಳುವ ತನಕ. ಉಪ್ಪು ಮಾಂಸದ ಪ್ರೋಟೀನನ್ನು ಬಿಡಿಸಿ ಅಂಟು ಬರಿಸೋದರಿಂದಲೇ ಸಾಸೇಜ್ ಬಿರಿಯದೆ ಒಟ್ಟಿಗೆ ನಿಲ್ಲುತ್ತದೆ, ಮೊಟ್ಟೆ, ಬ್ರೆಡ್ ಬೇಕಾಗಲ್ಲ. ಕೈಬಿಸಿಗೆ ನೆಣ ಕರಗಬಾರದು, ಅದಕ್ಕೇ ಐಸ್ ನೀರು. ಒಂದು ಚಿಟಿಕೆಯಷ್ಟು ಕಾವಲಿ ಮೇಲೆ ಪೂರ್ತಿ ಬೇಯಿಸಿ ರುಚಿ ನೋಡಿ, ಹಸಿಯದನ್ನು ನಾಲಿಗೆಗೆ ಇಡಬೇಡಿ.

ಮಿಶ್ರಣವನ್ನು ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಸಾಸೇಜ್ ಆಕಾರಕ್ಕೆ ಹೊಸೆದು, ಬೇಕಿಂಗ್ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಫಾಯಿಲ್ ಸುತ್ತಿ ಎರಡೂ ತುದಿ ಬಿಗಿಯಾಗಿ ತಿರುಚಿ. 180 ಡಿಗ್ರಿಯಲ್ಲಿ 20 ನಿಮಿಷ. ಆಮೇಲೆ ಬಿಚ್ಚಿ, ಎಣ್ಣೆ ಸವರಿ, ಜಾಲರಿ ಮೇಲಿಟ್ಟು ಇನ್ನೊಂದು ಎಂಟು ನಿಮಿಷ ಬಣ್ಣ ಬರಿಸಿ, ನಡು 74 ಡಿಗ್ರಿ ಮುಟ್ಟಿದೆಯಾ ನೋಡಿ. ಜಾಲರಿಯ ಕೆಳಗೆ ಟ್ರೇ ಇಡೋದು ಮರೀಬೇಡಿ, ಜಿಡ್ಡು ಕೆಳಗಿನ ರಾಡ್ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಹಸಿ ಮಿಶ್ರಣ ಉಳಿದರೆ ಮರುದಿನದೊಳಗೆ ಮುಗಿಸಿ. ಬೆಂದದ್ದನ್ನು ಆರಿಸಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿದರೆ ಮೂರು ದಿನ ಇರುತ್ತೆ.