ದಿನಾ ಅದೇ ರೈಲು, ಅದೇ ಎಂಜಿನ್?

ಅರಸೀಕೆರೆಯ ಓದುಗರೊಬ್ಬರ ಪತ್ರ: ‘ಬಿ.ಕಾಂ. ಓದುವ ನನ್ನ ಮಗ ರಜೆ ಬಂತೆಂದರೆ ಕ್ಯಾಮೆರಾ ಹಿಡಿದು ಸ್ಟೇಷನ್ನಿಗೆ ಹೊರಡುತ್ತಾನೆ. ದಿನಾ ಅದೇ ರೈಲು, ಅದೇ ಎಂಜಿನ್. ಹಳಿ ಪಕ್ಕ ಏನಾದರೂ ಹೆಚ್ಚುಕಮ್ಮಿ ಆದರೆ ಅನ್ನೋ ಭಯ ಬೇರೆ. ಇದರಿಂದ ಏನು ಉಪಯೋಗ? ನೀವಾದರೂ ಬುದ್ಧಿ ಹೇಳಿ.’

ಸಂಪಾದಕರ ಉತ್ತರ:

ಭಯದ ಮಾತು ಮೊದಲು ಮುಗಿಸೋಣ, ಅದು ನ್ಯಾಯವೇ. ಅಪ್ಪಣೆಯಿಲ್ಲದೆ ಹಳಿಗೆ ಇಳಿಯುವುದು ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲಾಗಬಹುದು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಸೆಲ್ಫಿ ಕೋಲು ಎತ್ತುವ ಜಾಗವಲ್ಲ. ಎಂಜಿನ್ ಓಡಿಸುವ ಲೋಕೊ ಪೈಲಟ್ ಕಣ್ಣಿಗೆ ಫ್ಲ್ಯಾಷ್ ಹೊಡೆಯಬಾರದು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಹಳದಿ ಗೆರೆಯಿಂದ ಈಚೆಗೇ ನಿಲ್ಲಲಿ.

ಇನ್ನು ಬುದ್ಧಿಮಾತು. ಬೇಸರ ಮಾಡ್ಕೋಬೇಡಿ, ಅದನ್ನು ನಿಮಗೇ ಹೇಳಬೇಕಾಗಿದೆ. ಅರಸೀಕೆರೆಯಂಥ ಜಂಕ್ಷನ್ನಿನಲ್ಲಿ ಇದ್ದುಕೊಂಡು ‘ಅದೇ ಎಂಜಿನ್’ ಅಂತ ಬರೆದಿದ್ದೀರಲ್ಲ! ಒಂದು ದಿನ ಮಗನ ಜೊತೆ ಹೋಗಿ ನಿಲ್ಲಿ. ಎಂಜಿನ್ನಿನ ಮೈಮೇಲೆ ಡಬ್ಲ್ಯೂಎಪಿ-7 ಅಂತ ಬರೆದಿರುತ್ತದೆ. ಡಬ್ಲ್ಯೂ ಅಂದರೆ ಅಗಲ ಹಳಿಯ ಬ್ರಾಡ್‌ಗೇಜ್, ಎ ಅಂದರೆ ಎಸಿ ಕರೆಂಟು, ಪಿ ಅಂದರೆ ಪ್ಯಾಸೆಂಜರ್ ಗಾಡಿ ಎಳೆಯುವಂಥದ್ದು. ಪಕ್ಕದಲ್ಲೇ ಅದು ಯಾವ ಶೆಡ್ಡಿನದು, ಅಂದರೆ ಎಂಜಿನ್ನನ್ನು ಇಟ್ಟು ನೋಡಿಕೊಳ್ಳುವ ಜಾಗ ಯಾವುದು ಅಂತಲೂ ಇರುತ್ತದೆ. ಅದನ್ನು ಓದಿ ಆ ಎಂಜಿನ್ ಎಲ್ಲಿಯದು ಅಂತ ನಿಮ್ಮ ಮಗ ಥಟ್ಟನೆ ಹೇಳುತ್ತಾನೆ, ನೋಡಿ.

ನಿಮ್ಮೂರು ಒಂದು ಕಾಲಕ್ಕೆ ಪೂರ್ತಿ ಕಿರಿದಾದ ಹಳಿಯ ಮೀಟರ್‌ಗೇಜ್ ಆಗಿತ್ತು. 1990ರ ದಶಕದಲ್ಲಿ ಹಳಿ ಅಗಲವಾಯಿತು. ಆ ಹಳೇ ಗಾಡಿಗಳು ನಿಂತಿದ್ದ ಫೋಟೊ ನಿಮ್ಮ ಮನೆಯಲ್ಲಿ ಒಂದಾದರೂ ಇದೆಯಾ? ಶಿವಮೊಗ್ಗ–ತಾಳಗುಪ್ಪ ನಡುವೆ ರೈಲ್ ಬಸ್, ಅಂದರೆ ಹಳಿ ಮೇಲೆ ಓಡುವ ಬಸ್ಸಿನಂಥ ಪುಟ್ಟ ಗಾಡಿ, ಓಡುತ್ತಿತ್ತು. ಅದರಲ್ಲಿ ಓಡಾಡಿದವರು ಸಾವಿರಾರು ಜನ, ಫೋಟೊ ಇಟ್ಟುಕೊಂಡವರು ಬೆರಳೆಣಿಕೆ.

ನನ್ನ ಮೇಜಿನ ಡ್ರಾಯರಿನಲ್ಲಿ ಓದುಗರೊಬ್ಬರು ಕೊಟ್ಟ ಕಪ್ಪುಬಿಳುಪು ಫೋಟೊ ಒಂದಿದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ರೈಲ್ವೆ ನೌಕರರೊಬ್ಬರು ಬೆತ್ತದ ಬಳೆ ಎತ್ತಿ ಹಿಡಿದಿದ್ದಾರೆ. ಅದಕ್ಕೆ ಕಟ್ಟಿದ ಚೀಲದಲ್ಲಿ ಟೋಕನ್. ಅದು ಕೈಗೆ ಸಿಕ್ಕರೆ ಮಾತ್ರ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಗಾಡಿ ಬಿಡಬಹುದು. ಉಗಿ ಎಂಜಿನ್ನಿನಿಂದ ಒಂದು ತೋಳು ಹೊರಗೆ ಚಾಚಿದೆ, ಬಳೆಗೂ ಬೆರಳಿಗೂ ಗೇಣು ದೂರ. ಹಿಂದೆ ಕಳ್ಳೆಕಾಯಿ ಬುಟ್ಟಿ ಹೊತ್ತ ಹೆಂಗಸು. ಎಷ್ಟು ಸಲ ನೋಡಿದರೂ ಸಾಕಾಗಲ್ಲ. ಆದರೆ ಹಿಂದೆ ತಿರುಗಿಸಿದರೆ ಊರಿಲ್ಲ, ತಾರೀಖಿಲ್ಲ. ಇದು ಹೊಟ್ಟೆ ಉರಿಸುತ್ತದೆ.

ಬ್ರಿಟನ್ನಿನಲ್ಲಿ ಅಲ್ಲಿನ ರೈಲ್ವೆ ಮುಖ್ಯಸ್ಥ ಬೀಚಿಂಗ್ ಕೊಟ್ಟ 1963ರ ವರದಿ ಎರಡು ಸಾವಿರಕ್ಕೂ ಜಾಸ್ತಿ ಸ್ಟೇಷನ್ ಮುಚ್ಚಲು ಹೇಳಿತು. ಮುಚ್ಚುವ ಮೊದಲು ಹವ್ಯಾಸಿಗಳು ಕ್ಯಾಮೆರಾ ಹಿಡಿದು ಊರೂರು ಸುತ್ತಿದರು. ಅದಕ್ಕೂ ಮೊದಲೇ, 1951ರಲ್ಲಿ, ವೇಲ್ಸಿನ ಟಾಲಿಥ್ಲಿನ್ ಎಂಬ ಪುಟ್ಟ ರೈಲನ್ನು ಸ್ವಯಂಸೇವಕರೇ ವಹಿಸಿಕೊಂಡು ಓಡಿಸಿದ್ದರು. ನಮ್ಮಲ್ಲೂ ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯ ಇದೆ, ಸಂತೋಷ. ಆದರೆ ಸ್ಟೇಷನ್ ಮಾಸ್ತರರ ಕೋಣೆ, ಹಂಚಿನ ಮಾಡು, ಕಲ್ಲು ಬೆಂಚನ್ನೆಲ್ಲ ಅಲ್ಲಿಗೆ ಸಾಗಿಸಲು ಆಗುತ್ತದಾ? ಈಗ ಎಲ್ಲೆಡೆ ಸ್ಟೇಷನ್ನುಗಳಿಗೆ ಹೊಸ ರೂಪ ಕೊಡುತ್ತಿದ್ದಾರೆ. ಕೊಡಲಿ, ಲಿಫ್ಟು, ರ‍್ಯಾಂಪು ಬೇಕೇ ಬೇಕು. ಕೆಡವುವ ಮುಂಚೆ ಹಳೇ ಕಟ್ಟಡದ ನಾಲ್ಕು ಫೋಟೊ ತೆಗೆಯುವವರು ಯಾರು? ನಿಮ್ಮ ಮಗನಂಥವರೇ. ಅದೂ ಕೈಯಿಂದ ಖರ್ಚು ಮಾಡಿಕೊಂಡು.

ಅಂಥವರನ್ನು ನಾವು ನಡೆಸಿಕೊಳ್ಳುವ ರೀತಿಯಾದರೂ ನೋಡಿ. ಸಣ್ಣ ಸ್ಟೇಷನ್ನೊಂದರಲ್ಲಿ ನಾನು ಸುಮ್ನೆ ನಾಮಫಲಕದ ಫೋಟೊ ತೆಗೆದಿದ್ದಕ್ಕೆ ಕಾವಲಿನವರು ಕ್ಯಾಮೆರಾ ಇಸ್ಕೊಂಡು ಎಲ್ಲ ಅಳಿಸಿಬಿಟ್ಟರು. ಅದೇ ಫಲಕದ ಮುಂದೆ ನಿಂತು ಮೊಬೈಲಿನಲ್ಲಿ ಮುಖ ತೆಗೆದುಕೊಳ್ಳುವವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಬರೀ ರೈಲಿನ ವಿಷಯವಲ್ಲ ಇದು. ಒಂದು ಮದುವೆಗೆ ಸಾವಿರಗಟ್ಟಲೆ ಫೋಟೊ ತೆಗೆಸುತ್ತೇವೆ. ನಾವು ಓದಿದ ಶಾಲೆ, ಊರಿನ ಸಂತೆಕಟ್ಟೆ, ಮುಚ್ಚಿಹೋದ ಕೆರೆಯ ಫೋಟೊ ಕೇಳಿದರೆ ಒಬ್ಬರ ಹತ್ತಿರವೂ ಇಲ್ಲ. ಆಮೇಲೆ ‘ನಮ್ಮೂರು ಹೆಂಗಿತ್ತು ಗೊತ್ತಾ’ ಅಂತ ಮಾತಾಡುತ್ತಾ ಕೂರುತ್ತೇವೆ.

ಮಗನಿಗೆ ಇಷ್ಟು ಹೇಳಿ: ಪ್ರತಿ ಫೋಟೊಗೂ ಊರು, ತಾರೀಖು, ಗಾಡಿ ನಂಬರ್ ಬರೆದಿಡಲಿ. ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಒಳ್ಳೆಯ ಹತ್ತು ಫೋಟೊ ಆರಿಸಿ ನಮಗೆ ಕಳಿಸಲಿ, ಪ್ರಕಟಿಸುತ್ತೇವೆ. ಬರೀ ಎಂಜಿನ್ ಬೇಡ, ಚಹಾ ಮಾರುವವರು, ಹಸಿರು ಬಾವುಟ ಹಿಡಿದ ಗಾರ್ಡ್ ಕೂಡ ಇರಲಿ.